ಎರಡನೆಯ ಹಾಡು ಬಂದ ದಿನ

ಆ ದಿನ ಮಾಡಿದ ಕೆಲಸಗಳು: ಆರು ಗಂಟೆಗೆ ಎದ್ದು ರಾತ್ರಿಯ ನೀರುದೋಸೆಗೆ ಅಕ್ಕಿ ನೆನೆಹಾಕಿದ್ದು. ಬಾಲ್ಕನಿಯ ಕುಂಡದಲ್ಲಿರುವ ಬಸಳೆಗೆ ನೀರು ಹಾಕಿದ್ದು. ಹಿಂದಿನ ದಿನ ಕಿತ್ತು ತಂದಿದ್ದ ಹಸಿರು ಹುಳಿಕಾಯಿಗಳ ತೊಟ್ಟು ತೆಗೆದು ಉಪ್ಪಿನಲ್ಲಿ ಹಾಕಿದ್ದು. ಈ ಸ್ವೀಡನ್ನಿನಲ್ಲಿ ಮಾವಿನ ಮಿಡಿ ಎಲ್ಲಿಂದ ತರುವುದು, ಪೊದೆಯಲ್ಲಿ ಸಿಗುವ ಈ ನೆಲ್ಲಿಯಂಥ ಕಾಯಿಯೇ ನಮ್ಮ ಮಿಡಿ. ನಮ್ಮವರ ಅಂಗಿಗೆ ಗುಂಡಿ ಹೊಲಿದದ್ದು. ಹತ್ತರಿಂದ ಒಂದು ಗಂಟೆಯ ತನಕ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದದ್ದು, ಮೂರು ಸಲದ ಬಟ್ಟೆ. ಮಗಳಿಗೆ ನಿಜ ಹೇಳಿದ್ದು.

ಕೊನೆಯದನ್ನು ಆ ದಿನ, ದಿನದ ಕೆಲಸ ಬರೆದಿಡುವ ನನ್ನ ಪುಸ್ತಕದಲ್ಲಿ ಬರೆದಿರಲಿಲ್ಲ. ಈಗ ಸೇರಿಸುತ್ತಿದ್ದೇನೆ.

ಅದು ಕಳೆದ ಜುಲೈ ಕೊನೆಯ ವಾರ. ನಾನು ಅಡುಗೆಮನೆಯಲ್ಲಿ ಕೆಲಸ ಮಾಡುವ ದಾಗಿಸ್, ಅಂದರೆ ಇಲ್ಲಿನ ಶಿಶುವಿಹಾರ, ಬೇಸಿಗೆಗೆ ಮುಚ್ಚಿತ್ತು. ಲಿಂಡ್‌ಹೋಲ್ಮೆನ್ನಿನಲ್ಲಿ ಕಾರುಗಳ ಸಾಫ್ಟ್‌ವೇರ್ ಬರೆಯುವ ನಮ್ಮವರಿಗೂ ರಜೆ. ಮನೆಯಲ್ಲಿ ಮೂವರೂ ಇದ್ದೆವು. ಮೂವರೂ ಬೆಳಗಿನಿಂದ ಗಡಿಯಾರ ನೋಡುತ್ತಿದ್ದೆವು. ಹನ್ನೊಂದು ಗಂಟೆಗೆ, ಅಂದರೆ ಅಲ್ಲಿಯ ಸಂಜೆ ಆರಕ್ಕೆ, ಕೊರಿಯಾದ ಒಬ್ಬ ಹುಡುಗಿಯ ಹೊಸ ಹಾಡು ಬರುವುದಿತ್ತು. ಅದು ನನ್ನ ಮಗಳು ರಾಗ ಹಾಕಿದ ಹಾಡೋ ಅಲ್ಲವೋ ಎಂಬುದು ನಮಗೆ ಗೊತ್ತಿರಲಿಲ್ಲ.

ಆ ಹುಡುಗಿಯ ಮೊದಲ ಹಾಡನ್ನು ಕೇಳದವರು ಇರಲಿಕ್ಕಿಲ್ಲ. ಹೆಗಲ ಮೇಲಿನ ಧೂಳನ್ನು ಒರೆಸಿದ ಹಾಗೆ ಮಾಡಿ, ಮೇಜಿನ ಮೇಲೆ ಎರಡು ಸಲ ತಟ್ಟುವುದು, ಅಷ್ಟೇ ಅದರ ಕುಣಿತ. ನಮ್ಮ ದಾಗಿಸ್‌ನ ಮೂರು ವರ್ಷದ ಮಕ್ಕಳು ಊಟಕ್ಕೆ ಕೂತಾಗ ಹೆಗಲು ಒರೆಸಿ ಚಮಚದಲ್ಲಿ ಟಕ್ ಟಕ್ ಎಂದು ತಟ್ಟುತ್ತಿದ್ದವು. ಒಂದು ದಿನ ಹುರುಳಿಕಾಯಿ ಬಡಿಸಲು ಹೋದ ನಾನೂ ಪಾತ್ರೆಗೆ ಎರಡು ಸಲ ತಟ್ಟಿದೆ, ಮಕ್ಕಳು ಬಿದ್ದು ಬಿದ್ದು ನಕ್ಕವು. ಹಾಗೆ ಜಗತ್ತೆಲ್ಲ ತಟ್ಟಿದ ಮೇಲೆ ಆ ಹುಡುಗಿ ಒಂದು ವರ್ಷ ಏನೂ ಹಾಡಲಿಲ್ಲ. ಎರಡನೆಯದು ಯಾವುದು ಎಂದು ಎಲ್ಲರೂ ಕೇಳುವುದೇ ಆಯಿತು.

ಕೊರಿಯಾದ ಹಾಡಿಗೆ ಸ್ವೀಡನ್ನಿನಲ್ಲಿ ಕೂತು ರಾಗ ಹಾಕುತ್ತಾರೆಂದರೆ ಮೊದಲು ನಾನೂ ನಂಬಿರಲಿಲ್ಲ. ಮಗಳಿಗೆ ಇಪ್ಪತ್ತಮೂರು. ಉಮೆಯೊ ಕಡೆಯ ಒಬ್ಬ ಸ್ವೀಡಿಷ್ ಹುಡುಗನ ಜೊತೆ ಸೇರಿ ಒಂದು ಬಾಡಿಗೆ ಕೋಣೆಯಲ್ಲಿ ಅದೇ ಕೆಲಸ ಮಾಡುತ್ತಿದ್ದಳು. ಅವನು ತಾಳ ವಾದ್ಯ ನೋಡಿಕೊಳ್ಳುತ್ತಾನೆ, ಇವಳು ರಾಗ ಕಟ್ಟಿ ಅರ್ಧ ಇಂಗ್ಲಿಷು ಅರ್ಧ ಅರ್ಥವಿಲ್ಲದ ಮಾತು ಸೇರಿಸಿ ಹಾಡಿ ಕಳಿಸುತ್ತಾಳೆ. ಅಲ್ಲಿಯವರು ತಮ್ಮ ಭಾಷೆ ಹಾಕಿಕೊಳ್ಳುತ್ತಾರೆ. ಹೀಗೆ ಕಳಿಸುವವರು ಎಷ್ಟೋ ಮಂದಿ. ಇಷ್ಟವಾದರೆ ಕಂಪನಿಯವರು ‘ಹೋಲ್ಡ್’ ಎಂದು ಬರೆಯುತ್ತಾರೆ. ಸೀರೆ ಅಂಗಡಿಯಲ್ಲಿ, ಇದನ್ನು ಪಕ್ಕಕ್ಕಿಡಿ, ಇನ್ನೊಂದು ಸುತ್ತು ನೋಡಿ ಬರುತ್ತೇನೆ, ಎಂದು ಹೇಳಿ ಹೋಗುವುದಿಲ್ಲವೇ, ಹಾಗೆ. ಅಂಗಡಿಯವನು ಅದನ್ನು ಬೇರೆಯವರಿಗೆ ಮಾರುವ ಹಾಗಿಲ್ಲ, ಇವರು ಕೊಳ್ಳುತ್ತಾರೆಂದು ನಂಬುವ ಹಾಗೂ ಇಲ್ಲ. ಹಾಡು ಹೊರಗೆ ಬಂದಾಗಲೇ ಗೊತ್ತಾಗುವುದು.

ಆ ಹುಡುಗಿಯ ಎರಡನೆಯ ಹಾಡಿಗಾಗಿ ಮಗಳ ಹಾಡು ಹೋಲ್ಡ್ ಆದದ್ದು ಚಳಿಗಾಲದ ಕೊನೆಯಲ್ಲಿ. ಅಪ್ಪ ಮಗಳ ನಡುವೆ ಅದಕ್ಕೂ ಮೊದಲೇ ಒಂದು ಒಪ್ಪಂದ ಆಗಿತ್ತು: ಬೇಸಿಗೆ ಮುಗಿಯುವುದರೊಳಗೆ ಒಂದು ದೊಡ್ಡ ಹಾಡು ಬಂದರೆ ಅವಳು ಇದೇ ಕೆಲಸದಲ್ಲಿ ಮುಂದುವರಿಯುವುದು, ಇಲ್ಲವಾದರೆ ಓರೆಬ್ರೂಗೆ ಹೋಗಿ ಆಸ್ಪತ್ರೆಯ ಲ್ಯಾಬ್ ಕೋರ್ಸು ಓದುವುದು. ಅಲ್ಲಿ ಸೀಟೂ ಸಿಕ್ಕಿತ್ತು. ಬರುತ್ತೇನೆ ಎಂದು ತಿಳಿಸಲು, ಹಾಡು ಬರುವ ಆ ದಿನಕ್ಕೆ, ಇನ್ನು ಮೂರು ದಿನ ಉಳಿದಿತ್ತು.

ನಾನು ಮಾಡಿದ ತಪ್ಪು ಹೀಗೆ.

ಹಾಡಿನ ವಿಷಯ ಯಾರಿಗೂ ಹೇಳಬಾರದೆಂದು ಮಗಳು ಕಾಗದಕ್ಕೆ ಸಹಿ ಹಾಕಿದ್ದಳು. ನಮಗಿಬ್ಬರಿಗೆ ಹೇಳುವಾಗಲೂ ಬಾಗಿಲು ಹಾಕಿ ಹೇಳಿದ್ದಳು. ನಾನು ಹೊರಗೆ ಬಾಯಿ ಬಿಡಲಿಲ್ಲ. ಇಲ್ಲಿನ ಕನ್ನಡದವರ ಕೂಟದಲ್ಲಿ, “ಮಗಳು ಈಗ ಏನ್ ಮಾಡ್ತಿದಾಳೆ?” ಎಂದು ಕೇಳಿದವರಿಗೆಲ್ಲ, “ಹೀಗೇ, ಏನೋ ಕಂಪ್ಯೂಟರಲ್ಲಿ,” ಎಂದೆ. ಆದರೆ ಹೆದರಿಕೆ ಹೆಚ್ಚಾದ ಹಾಗೆ ಊರಿನ ಗಣಪತಿಗೆ ಒಂದು ಹೂವಿನ ಪೂಜೆ ಮಾಡಿಸಬೇಕು ಅನ್ನಿಸಿತು. ಉಡುಪಿಯ ಹತ್ತಿರ ಇರುವ ಅಕ್ಕನಿಗೆ ಫೋನು ಮಾಡಿ ಹೆಸರು, ನಕ್ಷತ್ರ ಕೊಟ್ಟೆ.

“ಸಂಕಲ್ಪಕ್ಕೆ ಎಂತ ಹೇಳುದು? ಭಟ್ರು ಕೇಳ್ತಾರೆ,” ಎಂದಳು ಅಕ್ಕ.

“ಇಷ್ಟಾರ್ಥ ಸಿದ್ಧಿ ಅಂತ ಹೇಳು, ಸಾಕು.”

“ಇಷ್ಟಾರ್ಥ ಎಂತದು ಅಂತ ದೇವರಿಗೆ ಗೊತ್ತಾಗುದು ಬೇಡ್ವಾ ಮಾರಾಯ್ತಿ? ಪ್ರಾಯದ ಹುಡುಗಿ. ಮದುವೆ ಅಂತ ತಿಳ್ಕೊಂಡ್ರೆ?”

ಅದೂ ಹೌದಲ್ಲ ಅನ್ನಿಸಿತು. ಹೇಳಿಬಿಟ್ಟೆ.

“ಹಾಗಾದ್ರೆ ಆ ಹಾಡು ಸ್ವಲ್ಪ ಕಳಿಸು. ದೇವರ ನಡೆಯಲ್ಲಿ ಫೋನು ಇಟ್ಟು ಕೇಳಿಸ್ತೇನೆ.”

ಮಗಳು ಚಿಕ್ಕವಳಿದ್ದಾಗಿನಿಂದ ಅವಳು ಹಾಡಿದ್ದನ್ನೆಲ್ಲ ರೆಕಾರ್ಡ್ ಮಾಡಿಡುವುದು ನನ್ನ ಅಭ್ಯಾಸ. ಇದನ್ನೂ, ಅವಳು ಸ್ನಾನಕ್ಕೆ ಹೋಗುವ ಮೊದಲು ಹಾಲ್‌ನಲ್ಲಿ ಕೂತು ಹಾಡಿಕೊಳ್ಳುತ್ತಿದ್ದಾಗ, ನಲವತ್ತು ಸೆಕೆಂಡು ಹಿಡಿದಿಟ್ಟಿದ್ದೆ. ಕಳಿಸಿದೆ. ‘ಯಾರಿಗೂ ಕಳಿಸಬೇಡ’ ಎಂದೂ ಬರೆದೆ. ಅಕ್ಕ ಓದಿದಳೋ ಇಲ್ಲವೋ. ಪೂಜೆಯಾದ ಮೇಲೆ ಪ್ರಸಾದದ ಫೋಟೋ, ಅದರ ಕೆಳಗೆ ನಮ್ಮ ನಲವತ್ತು ಸೆಕೆಂಡು, ಅದರ ಕೆಳಗೆ ‘ತಂಗಿಯ ಮಗಳ ಹಾಡು, ಕೊರಿಯಾದವಳು ಹಾಡ್ತಾಳೆ, ಎಲ್ಲರೂ ಆಶೀರ್ವಾದ ಮಾಡಿ’ ಎಂದು ಕುಟುಂಬದ ಗುಂಪಿಗೆ ಹಾಕಿಬಿಟ್ಟಳು. ನೋಡಿದರೆ ಅತ್ತೆಯಂದಿರು, ಮಾವಂದಿರು ಕೈಮುಗಿದ ಚಿತ್ರ ಕಳಿಸುತ್ತ ಕೂತಿದ್ದಾರೆ.

ಅಕ್ಕನಿಗೆ ಹೇಳಿ ಅದನ್ನು ಗುಂಪಿನಿಂದ ತೆಗೆಸಿದೆ. ಆದರೆ ಅಷ್ಟರಲ್ಲಿ ಕಾಲೇಜಿಗೆ ಹೋಗುವ ಅಕ್ಕನ ಮಗಳು ಅದನ್ನು ತನ್ನ ಪೇಜಿಗೂ ಹಾಕಿ ಆಗಿತ್ತು.

“ಚಿಕ್ಕಮ್ಮ, ಒಂದೂವರೆ ದಿನ ಇತ್ತು ಅಷ್ಟೇ, ತೆಗೆದಿದ್ದೇನೆ. ನನ್ನ ಪೇಜು ನೋಡುದು ನನ್ನ ಕ್ಲಾಸಿನವ್ರು ಮಾತ್ರ.”

“ಬೇರೆ ಯಾರೂ ನೋಡಿಲ್ಲ ತಾನೆ?”

“ಇಲ್ಲ... ಒಬ್ರು ಕೊರಿಯಾ ಅಕ್ಷರದಲ್ಲಿ ಎಂತದೋ ಬರೆದಿದ್ರು. ನಂಗೆ ಓದ್ಲಿಕ್ಕೆ ಬರ್ಲಿಲ್ಲ.”

ಅಲ್ಲಿಂದ ಒಂಬತ್ತು ದಿನ ನಾನು ಮನೆಯಲ್ಲಿ ಹೇಗಿದ್ದೆ ಎಂದು ನನಗೇ ಗೊತ್ತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಗಳ ಫೋನು ಕಿಣಿಗುಟ್ಟಿದರೆ ಕೈಯ ಪಾತ್ರೆ ಕೆಳಗಿಡುತ್ತಿದ್ದೆ. ಆರನೆಯ ದಿನ ಕಂಪನಿಯಿಂದ ಪತ್ರ ಬಂತು: ಹೋಲ್ಡ್‌ನಲ್ಲಿರುವ ಹಾಡುಗಳನ್ನು ಹೊರಗೆ ಯಾರಿಗೂ ಕೇಳಿಸಿಲ್ಲವೆಂದು ಬರೆದು ಕಳಿಸಿ. ಎಲ್ಲರಿಗೂ ಕಳಿಸಿದ್ದೋ, ಇವರಿಗೇ ಕಳಿಸಿದ್ದೋ. ಮಗಳು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, “ನಾವು ಯಾರಿಗೂ ಕೇಳಿಸಿಲ್ಲ” ಎಂದು ಇಂಗ್ಲಿಷಿನಲ್ಲಿ ಜೋರಾಗಿ ಓದುತ್ತ ಬರೆದು, ಕೆಳಗೆ ತನ್ನ ಹೆಸರು ಹಾಕಿದಳು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ನಾನು ಬೀನ್ಸ್ ಹೆಚ್ಚುತ್ತಿದ್ದೆ. ತಲೆ ಎತ್ತಲಿಲ್ಲ.

ಆ ರಾತ್ರಿ ನಮ್ಮವರಿಗೆ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು.

“ಹಾಡು ಬರೋ ಮೊದ್ಲೇ ಅವಳಿಗೆ ಹೇಳಿಬಿಡು. ಆಮೇಲೆ ಹೇಳಿದ್ರೆ ಎರಡು ಕಡೆಯಿಂದ್ಲೂ ಕೆಟ್ಟದ್ದು. ಹಾಡು ಬಂದ್ರೆ, ಈಗ ಧೈರ್ಯ ಬಂತಾ ಅಂತಾಳೆ. ಬರ್ದೇ ಇದ್ರೆ...” ಎಂದು ಅಲ್ಲಿಗೇ ನಿಲ್ಲಿಸಿದರು.

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಆ ದಿನವೇ ಬಂದುಬಿಟ್ಟಿತು. ಕಟ್ಟಡದವರೆಲ್ಲ ಸರದಿ ಹಿಡಿಯುವ ಹಲಗೆಯ ಮೇಲೆ ನಮ್ಮ ಮನೆಯ ಪುಟ್ಟ ಬೀಗ ಸಿಕ್ಕಿಸಿ, ಬಟ್ಟೆ ಒಗೆಯುವ ಕೋಣೆಯನ್ನು ಹತ್ತು ಗಂಟೆಗೆ ಕಾದಿರಿಸಿದ್ದೆ. ಬೇಕೆಂದೇ ಆ ಹೊತ್ತು ಇಟ್ಟುಕೊಂಡೆ ಎಂದರೂ ಸರಿಯೇ. ನೆಲಮಾಳಿಗೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ.

ಹತ್ತೂವರೆಗೆ ಮಗಳೇ ಒಂದು ಬುಟ್ಟಿ ಬಟ್ಟೆ ಹೊತ್ತು ಇಳಿದು ಬಂದಳು. ಅದರಲ್ಲಿ ಅರ್ಧ ಒಗೆದ ಬಟ್ಟೆಯೇ ಇತ್ತು.

“ಮೇಲೆ ಕೂರಕ್ಕೆ ಆಗ್ತಿಲ್ಲ ಅಮ್ಮ. ಅಪ್ಪ ಹತ್ತು ಸಲ ಟೈಮ್ ಕೇಳಿದ್ರು. ಅವ್ರ ಕೈಯಲ್ಲೇ ವಾಚಿದೆ.”

“ಈ ತುದಿ ಹಿಡ್ಕೋ,” ಎಂದು ಅವಳ ಬುಟ್ಟಿಯಲ್ಲಿದ್ದ ಒಗೆದ ಹಾಸಿಗೆ ಬಟ್ಟೆಯ ಎರಡು ಮೂಲೆ ಅವಳ ಕೈಗೆ ಕೊಟ್ಟೆ. ಇಬ್ಬರೂ ಎಳೆದು, ಜಾಡಿಸಿ, ಒಮ್ಮೆ ಮಡಿಸಿದೆವು. ಎರಡನೆಯ ಮಡಿಕೆಗೆ ಹತ್ತಿರ ಬಂದಾಗ ಹೇಳಿದೆ. ಗಣಪತಿ, ಅಕ್ಕ, ಗುಂಪು, ಪೇಜು, ಕೊರಿಯಾ ಅಕ್ಷರ, ಎಲ್ಲವನ್ನೂ, ನಿಲ್ಲಿಸದೆ.

ಅವಳು ಬಟ್ಟೆ ಬಿಡಲಿಲ್ಲ. “ಮೆನ್, ಮಮ್ಮಾ!” ಎಂದು, ಅಂದರೆ ಅಲ್ಲ ಅಮ್ಮಾ ಎಂದು, ಸ್ವೀಡಿಷಿನಲ್ಲಿ ಕೂಗಿದಳು. ಸಿಟ್ಟು ಬಂದರೆ ಅವಳಿಗೆ ಅದೇ ಭಾಷೆ. ಆಮೇಲೆ ಕನ್ನಡಕ್ಕೆ ಬಂದಳು.

“ನಾನು ಹೆಸ್ರು ಹಾಕಿ ಬರ್ದು ಕೊಟ್ಟಿದೀನಿ. ಯಾರಿಗೂ ಕೇಳಿಸಿಲ್ಲ ಅಂತ. ನೀನು ಅಲ್ಲೇ ಕೂತಿದ್ದೆ.”

“ಕೂತಿದ್ದೆ.”

“ಬೀನ್ಸ್ ಕಟ್ ಮಾಡ್ತಿದ್ದೆ!”

“ಹೂಂ.”

“ಗಣಪತಿಗೆ ಮಾತ್ರ ಹೇಳಿದ್ರೆ ಪರ್ವಾಗಿರ್ಲಿಲ್ಲ. ದೊಡ್ಡಮ್ಮಂಗೆ ಯಾಕ್ ಹೇಳಿದೆ?”

ಅವಳು ಹಾಸಿಗೆ ಬಟ್ಟೆಯನ್ನು ನನ್ನ ತೋಳಿಗೆ ಹಾಕಿ, ಸಿಗ್ನಲ್ ಸಿಗುವ ಮೆಟ್ಟಿಲಿಗೆ ಓಡಿದಳು. ಉಮೆಯೊ ಹುಡುಗನಿಗೆ ಫೋನು ಮಾಡಿದ್ದು ಕೇಳಿಸಿತು. ‘ಮಿನ್ ಮಮ್ಮಾ’ ಎಂದು ಮೂರು ಸಲ ಹೇಳಿದಳು. ನನ್ನ ಅಮ್ಮ, ನನ್ನ ಅಮ್ಮ, ನನ್ನ ಅಮ್ಮ. ನಾನು ಮಶೀನಿನ ಗಾಜಿನಲ್ಲಿ ಸುತ್ತುವ ಟವೆಲುಗಳನ್ನು ನೋಡುತ್ತ ನಿಂತೆ.

ಇಳಿದು ಬಂದಾಗ ಅವಳ ಮುಖ ವಿಚಿತ್ರವಾಗಿತ್ತು.

“ಅವ್ನೂ ಕೇಳಿಸಿದ್ನಂತೆ. ಅವ್ನ ಅಜ್ಜಿಗೆ. ಫೋನಲ್ಲಿ, ಪೂರ್ತಿ ಹಾಡು.”

“ಹಾಗಾದ್ರೆ...”

“ಹಾಗಾದ್ರೆ ಏನಿಲ್ಲ. ಅಜ್ಜಿ ಅದನ್ನ ಉಮೆಯೊಗೆಲ್ಲ ಫಾರ್ವರ್ಡ್ ಮಾಡಿಲ್ಲ.”

ಅಲ್ಲೇ ಮಶೀನಿನ ಮೇಲೆ ಮೊಣಕೈ ಊರಿ ಅವಳು ಫೋನಿನಲ್ಲೇ ಕಂಪನಿಗೆ ಪತ್ರ ಬರೆದಳು: ನಾನು ಬರೆದದ್ದು ತಪ್ಪು, ನನಗೆ ಗೊತ್ತಿಲ್ಲದೆ ನಲವತ್ತು ಸೆಕೆಂಡು ಮನೆಯಿಂದ ಹೊರಗೆ ಹೋಗಿದೆ, ಒಂದೂವರೆ ದಿನ ಇತ್ತು, ಈಗ ತೆಗೆದಿದ್ದೇವೆ.

“ಈಗ್ಲೇ ಕಳಿಸ್ಬೇಕಾ? ಇನ್ನು ಹತ್ತು ನಿಮಿಷ ಇದೆಯಲ್ಲ,” ಎಂದೆ. ನನ್ನ ಬಾಯಿಂದ ಹಾಗೆ ಬಂತು, ಮುಚ್ಚಿಡುವುದಿಲ್ಲ.

“ಅದಕ್ಕೇ ಈಗ. ಹನ್ನೊಂದಾದ್ಮೇಲೆ ಕಳಿಸಿದ್ರೆ ಅದು ಹೇಳಿದ ಹಾಗೆ ಆಗಲ್ಲ.”

ಒಂಬತ್ತು ದಿನ ಮುಚ್ಚಿಟ್ಟು, ಅರ್ಧ ಗಂಟೆ ಮೊದಲು ಹೇಳಿದವಳು ನಾನು.

ಮೆಟ್ಟಿಲಿಗೆ ಹೋಗಿ ಪತ್ರ ಕಳಿಸಿ, ಇಬ್ಬರೂ ಅಲ್ಲೇ ಕೂತೆವು. ಹನ್ನೊಂದಕ್ಕೆ ಅವಳು ಫೋನನ್ನು ಮಂಡಿಯ ಮೇಲೆ ಇಟ್ಟು ಹಾಡು ಹಾಕಿದಳು. ಅವಳಿಗೆ ಮೊದಲ ತಾಳಕ್ಕೇ ಗೊತ್ತಾಗಿತ್ತು; ನನಗೆ ಗೊತ್ತಾಗಲಿಲ್ಲ. ಭಾಷೆ ಬೇರೆ, ವಾದ್ಯ ಹೆಚ್ಚು, ಇನ್ನು ಮುಂದೆ ಬರುತ್ತದೆ, ಇನ್ನು ಮುಂದೆ ಬರುತ್ತದೆ ಎಂದು ಕಾಯುತ್ತ ಕೂತೆ. ನನ್ನ ನಲವತ್ತು ಸೆಕೆಂಡು ಬರಲೇ ಇಲ್ಲ. ಆ ಹುಡುಗಿ ಈ ಸಲ ಎರಡೂ ಹೆಗಲು ಒರೆಸಿ, ನಾಲ್ಕು ಸಲ ತಟ್ಟಿದಳು. ತಟ್ಟಿ ಕ್ಯಾಮೆರಾ ಕಡೆ ನೋಡುವಾಗ, ಸರಿಯಾಯಿತಾ ಎಂದು ಕೇಳುವ ಹಾಗೆ ನಕ್ಕಳು. ನನ್ನ ಮಗಳ ವಯಸ್ಸೇ ಇರಬೇಕು. ಅವಳ ತಾಯಿಯೂ ಎಲ್ಲೋ ಅಡುಗೆ ಬಿಟ್ಟು ನೋಡುತ್ತಿರಬಹುದು ಅನ್ನಿಸಿತು.

ಮಗಳು ಮೂರು ಸಲ ಕೇಳಿದಳು. “ಚೆನ್ನಾಗೇ ಇದೆ,” ಎಂದಳು.

“ನನ್ನಿಂದ ಆಯ್ತಾ?”

“ಗೊತ್ತಿಲ್ಲ ಅಮ್ಮ. ಯಾಕೆ ತಗೊಂಡಿಲ್ಲ ಅಂತ ಅವ್ರು ಯಾರಿಗೂ ಹೇಳಲ್ಲ.”

ಇವತ್ತಿನ ತನಕವೂ ಹೇಳಿಲ್ಲ. ನಮ್ಮ ಪತ್ರಕ್ಕೆ ಮರುದಿನ, ತಿಳಿಸಿದ್ದಕ್ಕೆ ಧನ್ಯವಾದ ಎಂಬ ಒಂದು ಸಾಲು ಬಂತು. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ. ಅದರಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ.

ಸಂಜೆ ಅಕ್ಕನ ಫೋನು. “ಕೇಳಿದೆ ಮಾರಾಯ್ತಿ. ಎಂತ ಇಲ್ಲ ಅದ್ರಲ್ಲಿ. ನಮ್ಮ ಹುಡುಗಿದ್ದೇ ಲಾಯ್ಕ ಇತ್ತು.”

ಮಗಳು ಫೋನು ತೆಗೆದುಕೊಂಡಳು. “ದೊಡ್ಡಮ್ಮ, ಮುಂದಿನ ಸಲ ಬರೀ ಇಷ್ಟಾರ್ಥ ಅಂತ ಹೇಳಿ. ಮದುವೆ ಅಂತ ತಿಳ್ಕೊಂಡ್ರೂ ಅಡ್ಡಿ ಇಲ್ಲ.”

ಆ ಕಡೆ ಅಕ್ಕ ಅತ್ತಳೋ ನಕ್ಕಳೋ, ಮಗಳು ಹೇಳಲಿಲ್ಲ.

ಊಟಕ್ಕೆ ಮೊದಲು ಅವಳು ಕಂಪ್ಯೂಟರ್ ತೆರೆದು ಓರೆಬ್ರೂದ ಪುಟ ತೆಗೆದಳು. ಅದನ್ನು ಕಂಡು ನಮ್ಮವರಿಗೇ ತಡೆಯಲಾಗಲಿಲ್ಲ.

“ಇನ್ನೂ ಮೂರು ದಿನ ಇದೆಯಲ್ಲ ಮಗಳೇ. ಬೇಸಿಗೇನೂ ಮುಗಿದಿಲ್ಲ. ಬೇರೆ ಯಾವ್ದಾದ್ರೂ ಹಾಡು...”

“ಬೇಡ ಅಪ್ಪ. ನಿಮ್ಗೆ ಮಾತು ಕೊಟ್ಟಿದೀನಿ. ಒಂದ್ ಮಾತು ಈಗಾಗ್ಲೇ ತಪ್ಪಾಗಿದೆ.” ನನ್ನ ಕಡೆ ನೋಡದೆ ಹಾಗೆಂದು ‘ಯಾ’ ಎಂಬ ಗುಂಡಿ ಒತ್ತಿದಳು. ಸ್ವೀಡಿಷಿನಲ್ಲಿ ಹೌದು ಎನ್ನುವುದಕ್ಕೆ ಅಷ್ಟೇ ಸಾಕು. ಆಮೇಲೆ, “ಮೈಕ್ ಹಾಸ್ಟೆಲ್‌ಗೆ ತಗೊಂಡು ಹೋಗ್ತೀನಿ,” ಎಂದಳು. ಯಾರೂ ಬೇಡ ಅನ್ನಲಿಲ್ಲ.

ರಾತ್ರಿಗೆ ನೀರುದೋಸೆ, ಬಸಳೆ ಹುಳಿ, ಇನ್ನೂ ಉಪ್ಪು ಹಿಡಿಯದ ಹೊಸ ಕಾಯಿ. ಹಸಿ ತೆಂಗಿನಕಾಯಿಯ ಬದಲು ಒಣ ಪುಡಿ ಹಾಕಿದ್ದರಿಂದ ದೋಸೆ ಸ್ವಲ್ಪ ಹರಿಯಿತು. ನಮ್ಮವರು ಆರು ತಿಂದರು, ನಾನು ಮೂರು. ಮಗಳು ಒಂದನ್ನು ತಿಂದು ಎದ್ದವಳು, ಮತ್ತೆ ಬಂದು ನಿಂತುಕೊಂಡೇ ನಾಲ್ಕು ತಿಂದಳು. ಪ್ರತಿಯೊಂದನ್ನೂ ನಾನು ಕಾವಲಿಯಿಂದ ನೇರ ಅವಳ ತಟ್ಟೆಗೆ ಹಾಕಿದೆ, ಅವಳು ತಟ್ಟೆ ಚಾಚಿದಳು.

ಮೊದಲು ಮಲಗಿದ್ದು ಮಗಳು. ಒಂಬತ್ತು ಗಂಟೆಗೆ, ಕಿಟಕಿಯಲ್ಲಿ ಇನ್ನೂ ಬಿಸಿಲಿರುವಾಗ, ಸೋಫಾದ ಮೇಲೆ, ಬೆಳಿಗ್ಗೆ ಇಬ್ಬರೂ ಮಡಿಸಿದ ಹಾಸಿಗೆ ಬಟ್ಟೆ ಹೊದ್ದುಕೊಂಡು.