ಹುಣಸೆಹಣ್ಣು ಹಾಕಿ ತೊಳೆದ ತೋಟಾಗಳು

ಬಂದೂಕಿನ ತೋಟಾವನ್ನು ಹುಣಸೆಹಣ್ಣು ಹಾಕಿ ತೊಳೆದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನಮ್ಮ ಚಿಕ್ಕಮ್ಮ.

ಅವರ ತಪ್ಪೇನಿಲ್ಲ ಬಿಡಿ. ನಮ್ಮದು ತಲೆತಲಾಂತರದಿಂದ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟ ಮನೆತನ. ಕಪ್ಪಾದ ಹಿತ್ತಾಳೆ ಕಂಡರೆ ನಮ್ಮ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಆಯುಧಪೂಜೆಗೆಂದು ಚಿಕ್ಕಪ್ಪ ತಾತನ ರೈಫಲ್ಲನ್ನು ಹೊರತೆಗೆದರು, ಜೊತೆಗೆ ಉಳಿದಿದ್ದ ಒಂದು ಹಿಡಿ ಹಿತ್ತಾಳೆ ತೋಟಾ. ಚಿಕ್ಕಮ್ಮ ಆರತಿ ತಟ್ಟೆ, ಗಂಟೆಗಳ ಜೊತೆ ಅವನ್ನೂ ಹುಣಸೆನೀರಲ್ಲಿ ನೆನೆಹಾಕಿ, ಉಜ್ಜಿ, ವಿಭೂತಿ ಹಚ್ಚಿ ಸಾಲಾಗಿ ಜೋಡಿಸಿದರು. ಫಳಫಳ!

ಚಿಕ್ಕಪ್ಪನ ಮುಖ ಮಾತ್ರ ಕಪ್ಪಿಟ್ಟಿತು. ನೀರು ಒಳಗಿಳಿದಿದ್ದರೆ ಮದ್ದು ಹೊತ್ತಿಕೊಳ್ಳುವುದಿಲ್ಲ. ವಿಷಯ ಇಷ್ಟೇ. ಕೈ ನಡುಗುತ್ತದೆ, ಇನ್ನು ಲೈಸೆನ್ಸ್ ಬೇಡ, ರೈಫಲ್ಲನ್ನು ಸ್ಟೇಷನ್ನಿಗೆ ಒಪ್ಪಿಸಿಬಿಡುವುದು ಎಂದು ಅವರು ತೀರ್ಮಾನಿಸಿದ್ದರು. ಅದಕ್ಕೆ ಮೊದಲು ಒಂದೇ ಒಂದು ಗುಂಡು ಹಾರಿಸುವ ಆಸೆ. ತಾತ ಇರುವವರೆಗೆ ಮುಟ್ಟಗೊಡಲಿಲ್ಲ, ಆಮೇಲೆ ಅಂಗಡಿ ಪುರುಸೊತ್ತು ಕೊಡಲಿಲ್ಲ.

“ಬೇರೆ ತಂದರಾಯ್ತು ಚಿಕ್ಕಪ್ಪ. ಟ್ವೆಂಟಿಟೂ ಸೈಜ್ ತಾನೇ?” ಎಂದೆ, ತೋಟಾದ ಬುಡದಲ್ಲಿದ್ದ ಅಂಕಿ ನೋಡಿ, ದೊಡ್ಡ ತಜ್ಞನ ಹಾಗೆ. ಕೊಳ್ಳಲು ಹೋದರೆ ಬಂದೂಕಿನ ಅಂಗಡಿಯವರು ನಕ್ಕರು. “ಇದು ಹೈಪವರ್ ಸಾರ್. ಮಾಮೂಲಿ ಟ್ವೆಂಟಿಟೂ ಇದಕ್ಕಾಗಲ್ಲ. ಈ ಸೈಜ್ ಇಲ್ಲಿ ಬರೋದು ನಿಂತು ಎಷ್ಟೋ ಕಾಲ ಆಯ್ತು.”

ಮನೆಗೆ ಬಂದು ಓದಿದೆ. (ನನ್ನಂಥ ಅಂಕಣಕಾರನಿಗೆ ಅವಮಾನವಾದರೆ ಮೊದಲು ಗೂಗಲ್ ಮಾಡುತ್ತಾನೆ.) ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಅಮೆರಿಕದಲ್ಲಿ ಹುಟ್ಟಿದ ತೋಟಾ ಇದು. ಪೂರ್ತಿ ಹೊಸದಾಗಿ ಮಾಡಿದ್ದೂ ಅಲ್ಲ. ಮೊದಲೇ ಇದ್ದ ದಪ್ಪ ತೋಟಾದ ಕತ್ತು ಕಿರಿದು ಮಾಡಿ ಸಣ್ಣ ಗುಂಡು ಕೂರಿಸಿದರು. ಆ ದಪ್ಪದ್ದೂ ಇನ್ನೂ ದಪ್ಪದೊಂದರ ಕತ್ತು ಕಿರಿದು ಮಾಡಿದ್ದೇ. ಅಣ್ಣನ ಪ್ಯಾಂಟನ್ನು ಆಲ್ಟರ್ ಮಾಡಿಸಿ ತಮ್ಮನಿಗೆ, ಅವನದನ್ನು ಕೊನೆಯವನಿಗೆ ಹಾಕಿದ ಹಾಗೆ. ಗುಂಡು ಹಗುರವಾದ್ದರಿಂದ ವೇಗವೋ ವೇಗ. ಹುಲಿಗೂ ಇದೇ ಸಾಕು ಎಂದವರಿದ್ದರು. ಒಪ್ಪದ ಹುಲಿಗಳೂ ಇದ್ದವು. ಮುಂದೆ ಬಂದ ಇಪ್ಪತ್ತೆರಡುಗಳಿಗಿಂತ ಇದರ ಗುಂಡು ಕೂದಲೆಳೆಯಷ್ಟು ದಪ್ಪ. ಹೀಗಾಗಿ ಯಾರ ಜೊತೆಗೂ ಹೊಂದದೆ ಮೂಲೆ ಸೇರಿತು.

ಅಂದರೆ ಚಿಕ್ಕಪ್ಪನಿಗೆ ಉಳಿದದ್ದು ಆ ತೊಳೆದ ತೋಟಾಗಳೇ. ಚಿಕ್ಕಮ್ಮನಿಗೆ ಊಟ ಸೇರದಾಯಿತು. “ನಾನೇ ಹಾಳು ಮಾಡಿದ್ನೇನೋ. ಅವರು ಬೈದಿದ್ರೂ ಸಮಾಧಾನ ಇರ್ತಿತ್ತು ಕಣೋ.”

ಅನುಮತಿ ಪಡೆದು ಶೂಟಿಂಗ್ ರೇಂಜಿಗೆ ಹೋದೆವು. ಕೋಚ್ ರೈಫಲ್ ಪರೀಕ್ಷಿಸಿ, “ಸದ್ದು ಬರದಿದ್ರೂ ನಳಿಕೆ ಗುರಿ ಕಡೇನೇ ಇರ್ಲಿ ಸರ್, ಕೆಲವು ಸಲ ತಡವಾಗಿ ಸಿಡಿಯುತ್ತೆ” ಎಂದರು. ಚಿಕ್ಕಪ್ಪ ಉಸಿರು ಬಿಗಿಹಿಡಿದು ಟ್ರಿಗರ್ ಎಳೆದರು. ಟಿಕ್. ಕಾದೆವು. ಇನ್ನೊಂದು ಹಾಕಿದರು. ಟಿಕ್. ಒಂದೂ ಹಾರಲಿಲ್ಲ.

ರೈಫಲ್ಲನ್ನು ಒರೆಸಿ ಚೀಲಕ್ಕೆ ಹಾಕಿದರು. ಶಂಕರಪುರಂನ ಮನೆಗೆ ಹೊರಟೆವು. ನನಗೆ ನಿಜಕ್ಕೂ ಸಂಕಟವಾಯಿತು.

ಚಿಕ್ಕಮ್ಮ ಗೇಟಿನ ಹತ್ತಿರವೇ ನಿಂತಿದ್ದರು. “ಹಾರ್ತಾ ರೀ?”

“ಹಾರ್ದೆ ಏನು? ಕಿವಿ ಇನ್ನೂ ಗುಂಯ್ ಅಂತಿದೆ” ಎಂದರು ಚಿಕ್ಕಪ್ಪ. “ನೀನು ತೊಳೆದಿದ್ದೇ ಒಳ್ಳೇದಾಯ್ತಂತೆ ಕಣೇ. ಕೋಚ್ ಹೇಳಿದ್ರು.”

ಚಿಕ್ಕಮ್ಮ ನನ್ನ ಕಡೆ ತಿರುಗಿದರು. “ಹೌದೇನೋ?”

ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನೆನ್ನುತ್ತಿದ್ದಿರಿ?