ಎರಡು ಸೀಟಿನ ಕಾರಿನ ಡಾಕ್ಟರು

ನಮ್ಮ ಡಾಕ್ಟರ ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಗೈಯ ಚರ್ಮ ಬಿಗಿದು, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ನಾಡಿ ನೋಡುವುದಕ್ಕೆ ಎಡಗೈ ಚಾಚುತ್ತಿದ್ದರು. ಹೊಸಬರು ಯಾರಾದರೂ ಆ ಕೈಯನ್ನೇ ದಿಟ್ಟಿಸಿದರೆ, "ನಿನ್ನ ಕಾಯಿಲೆ ಹೇಳಯ್ಯಾ, ನನ್ನದನ್ನ ಆಮೇಲೆ ನೋಡುವೆಯಂತೆ" ಎಂದು ನಗುತ್ತಿದ್ದರು. ಬೆಂಚಿನ ಮೇಲೆ ಕೂತವರೂ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಆ ಕೈ ಹಾಗಾದದ್ದು ನನ್ನಿಂದ. ಅದನ್ನು ಅವರ ಮುಂದೆ ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಏಳು ವರ್ಷ ಬೇಕಾಯಿತು.

ಅವರು ಹೊಳೆನರಸೀಪುರದ ಕಡೆಯವರು. ಚನ್ನರಾಯಪಟ್ಟಣದ ಪೇಟೆಯಲ್ಲಿ ಕಾಯಿಲೆಯವರನ್ನು ನೋಡುವ ಶಾಪು ಇಟ್ಟಿದ್ದರು. ನಮ್ಮೂರು ಅಲ್ಲಿಂದ ಹಿರೀಸಾವೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿದೆ. ನನಗೆ ಮದುವೆಯಾದ ವರ್ಷವೇ ವಿಷಮಶೀತ ಜ್ವರ ಬಂದು, ಮನೆಯವರೆಲ್ಲ ಆಸೆ ಬಿಟ್ಟಿದ್ದಾಗ, ಇಪ್ಪತ್ತೊಂದು ದಿನ ಬಿಡದೆ ಸೈಕಲ್ ತುಳಿದುಕೊಂಡು ಬಂದು ಬದುಕಿಸಿದವರು ಅವರು. ಅಲ್ಲಿಂದಾಚೆ ತೆಂಗಿನಕಾಯಿ ಮಾರಲು ಪೇಟೆಗೆ ಹೋದಾಗಲೆಲ್ಲ ನಾಲ್ಕು ಎಳನೀರು ಹಿಡಿದುಕೊಂಡು ಶಾಪಿಗೆ ಹೋಗುತ್ತಿದ್ದೆ. ಅವರಿಗೂ ನನ್ನ ಹತ್ತಿರ ಸಲಿಗೆ ಬೆಳೆಯಿತು.

ಎಲೆಯಡಿಕೆ ಇಲ್ಲ, ನಶ್ಯ ಇಲ್ಲ, ಇಸ್ಪೀಟಂತೂ ಇಲ್ಲವೇ ಇಲ್ಲ. ಅವರಿಗಿದ್ದದ್ದು ಒಂದೇ ಹುಚ್ಚು. ಮೈಸೂರಿನಲ್ಲಿ ಓದುವಾಗ ಯಾರೋ ಶ್ರೀಮಂತರ ಹುಡುಗ ಮೇಲುಚಾವಣಿ ಇಲ್ಲದ ಪುಟ್ಟ ಕಾರಿನಲ್ಲಿ ಭರ್ರನೆ ಹೋದದ್ದನ್ನು ನೋಡಿದ್ದರಂತೆ. ಹದಿನೈದು ವರ್ಷವಾದರೂ ಆ ಸದ್ದು ಅವರ ಕಿವಿಯಿಂದ ಹೋಗಿರಲಿಲ್ಲ. ಕಾಫಿ ಸೀಮೆಯ ಇಂಗ್ಲಿಷ್ ದೊರೆಯೊಬ್ಬ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದಾನೆ, ಅವನ ಹತ್ತಿರ ಅಂಥದೇ ಕಾರಿದೆ ಎಂದು ಸುದ್ದಿ ಸಿಕ್ಕಿದ್ದೇ ತಡ, "ಬಾರಯ್ಯಾ ಜೊತೆಗೆ, ಒಬ್ಬನೇ ಹೋದರೆ ಹೇಳಿದ ಬೆಲೆಗೆ ತಂದುಬಿಡ್ತೀನಿ" ಎಂದು ನನ್ನನ್ನೂ ಬಸ್ಸು ಹತ್ತಿಸಿಕೊಂಡು ಹಾಸನಕ್ಕೆ ಹೊರಟರು.

ಹಾಸನದ ಬಂಗಲೆಯೊಂದರ ಮುಂದೆ ಅದು ನಿಂತಿತ್ತು. ಕಡು ಹಸಿರು ಬಣ್ಣ, ಉದ್ದ ಮೂತಿ, ನನ್ನ ಸೊಂಟದ ಎತ್ತರ. ಕೂರುವುದಕ್ಕೆ ಇಬ್ಬರಿಗೆ ಮಾತ್ರ ಜಾಗ. ಡಾಕ್ಟರು ಅದರ ಸುತ್ತ ಎರಡು ಸಲ ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟವರು ತೆಗೆಯಲೇ ಇಲ್ಲ. ಚೌಕಾಸಿ ಮಾಡಲು ಹೋದ ನಾನು ಬಾಯಿ ತೆರೆಯುವ ಮೊದಲೇ ವ್ಯಾಪಾರ ಮುಗಿದಿತ್ತು. ಬರುವಾಗ ಗಾಳಿಗೆ ನನ್ನ ಟವೆಲ್ ಹಾರಿಹೋಯಿತು. ನಿಲ್ಲಿಸಿ ಎಂದರೆ, "ಹೊಸದು ಕೊಡಿಸ್ತೀನಿ, ಸುಮ್ಮನೆ ಕೂತ್ಕೊಳ್ಳಯ್ಯಾ" ಎಂದು ಕೂಗಿದರು. ಅಷ್ಟು ಖುಷಿಯಾಗಿದ್ದ ಮನುಷ್ಯನನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಪೇಟೆಯವರಿಗೆ ಆಡಿಕೊಳ್ಳಲು ಒಂದು ವಿಷಯ ಸಿಕ್ಕಿತು. "ಡಾಕ್ಟ್ರು ಆಟದ್ ಸಾಮಾನ್ ತಂದವ್ರೆ ಕಣ್ಲಾ" ಎಂದು ನಕ್ಕರು. ತೆಂಗಿನಕಾಯಿ ಮಂಡಿಯ ಯಜಮಾನರು ಎದುರಿಗೇ ಕೇಳಿದರು: "ಅಲ್ಲ ಸ್ವಾಮಿ, ನಾಕು ಜನ ಕೂರೋ ಗಾಡಿ ತಕಬಾರ್ದಿತ್ತಾ?"

"ನಾವಿರೋದೇ ಇಬ್ಬರಲ್ವಾ ಯಜಮಾನ್ರೇ" ಎಂದರು ಡಾಕ್ಟರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಅವರಿಗೆ ಮಕ್ಕಳಿರಲಿಲ್ಲ.

ಆ ತಾಯಿ ಅರಕಲಗೂಡಿನ ಕಡೆಯವರು. ನಾವೆಲ್ಲ ಅಮ್ಮನವರು ಎನ್ನುತ್ತಿದ್ದೆವು. ಮೊದಮೊದಲು ನಾಚಿಕೊಂಡು ತಲೆಯ ಮೇಲೆ ಸೆರಗೆಳೆದು ಕೂರುತ್ತಿದ್ದರು. ಆಮೇಲೆ ಡಾಕ್ಟರಿಗಿಂತ ಹೆಚ್ಚಾಗಿ ಅವರೇ ಕಾರನ್ನು ಮುದ್ದಿಸಿದರು. ಮಳೆ ಬಂದರೆ ಬಟ್ಟೆಯ ಟಾಪು ಸೋರುತ್ತಿತ್ತು, ಚಳಿಗಾಲದಲ್ಲಿ ನಾಲ್ಕು ಜನ ತಳ್ಳದೆ ಹೊರಡುತ್ತಿರಲಿಲ್ಲ, ಒಂದು ಸಣ್ಣ ಬೋಲ್ಟು ಹೋದರೂ ಬೆಂಗಳೂರಿನಿಂದ ಬರಬೇಕಿತ್ತು. ಕಾಯಿಲೆಯವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಡಾಕ್ಟರು ಮುಂದೆ ಹೋದರೆ, ಜೊತೆಗೆ ಬಂದವರು ಹಿಂದೆ ನಡೆದುಕೊಂಡು ಬರುತ್ತಿದ್ದರು. ಭಾನುವಾರ ಸಂಜೆ ಮಾತ್ರ ಆ ಸೀಟು ಅಮ್ಮನವರದು. ಇಬ್ಬರೂ ಹಿರೀಸಾವೆಯವರೆಗೆ ಹೋಗಿ, ಹೋಟೆಲಿನ ಮುಂದೆ ಕಾರು ನಿಲ್ಲಿಸಿ, ಕೂತಲ್ಲಿಗೇ ಕಾಫಿ ತರಿಸಿಕೊಂಡು ಕುಡಿದು ಬರುತ್ತಿದ್ದರು. ಮನೆತನಸ್ಥ ಹೆಂಗಸರು ಆಗ ಹೋಟೆಲಿನ ಒಳಗೆ ಕಾಲಿಡುತ್ತಿರಲಿಲ್ಲ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಅದನ್ನು ಬಳ್ಳಿ ಸಮೇತ ಟಾರು ರಸ್ತೆಯ ಒಂದು ಮಗ್ಗುಲಿಗೆ ಹರಡುತ್ತೇವೆ. ಬಸ್ಸು ಲಾರಿಗಳು ತುಳಿದುಕೊಂಡು ಹೋದರೆ ಕಾಳು ಉದುರುತ್ತದೆ. ಎತ್ತು ಕಟ್ಟಿ ಕಣದಲ್ಲಿ ದಿನಗಟ್ಟಲೆ ಸುತ್ತುವ ಕಷ್ಟವಿಲ್ಲ. ಆ ಪದ್ಧತಿ ಆಗಿನ್ನೂ ಹೊಸದು, ನಮಗೋ ಅದೊಂದು ದೊಡ್ಡ ಜಾಣತನದಂತೆ ಕಂಡಿತ್ತು. ಡಾಕ್ಟರು ಮಾತ್ರ ಹುರುಳಿ ಕಂಡರೆ ನಿಧಾನ ಮಾಡಿ, ಪಕ್ಕದ ಬರಿ ರಸ್ತೆಯಲ್ಲಿ ದಾಟಿಕೊಳ್ಳುತ್ತಿದ್ದರು.

"ಅಂಗೇ ಒಂದ್ಸಾರಿ ತುಳುಸ್ಬುಟ್ ಓಗಿ ಸ್ವಾಮಿ" ಎಂದು ನಾನು ಒಮ್ಮೆ ತಮಾಷೆ ಮಾಡಿದ್ದೆ.

"ಇದರ ಹೊಟ್ಟೆ ನೆಲಕ್ಕೆ ತಾಗುತ್ತೆ ಕಣಯ್ಯಾ. ಕೆಳಗಡೆ ಹೊಗೆ ಕೊಳವೆ ಇದೆ ನೋಡು, ಒಲೆ ಥರ ಕಾದಿರುತ್ತೆ. ನಿನ್ನ ಹುರುಳಿ ಸಿಕ್ಕಿಕೊಂಡರೆ ಹತ್ತಿಕೊಳ್ಳುತ್ತೆ" ಎಂದಿದ್ದರು. ಅವರು ಹೇಳಿರಲಿಲ್ಲ, ನನಗೆ ಗೊತ್ತಿರಲಿಲ್ಲ ಎಂದು ಯಾವ ದೇವರ ಮುಂದೆಯೂ ನಾನು ಹೇಳುವ ಹಾಗಿಲ್ಲ.

ಅದು ಪುಷ್ಯ ಮಾಸದ ಒಂದು ಭಾನುವಾರ. ಮೋಡ ಕವಿದಿತ್ತು. ಮಳೆ ಬಿದ್ದರೆ ವರ್ಷದ ಹುರುಳಿ ರಸ್ತೆಯಲ್ಲೇ ಮೊಳೆಯುತ್ತದೆಂದು ಅಪ್ಪ ಚಡಪಡಿಸುತ್ತಿದ್ದ. ಬಸ್ಸು ಲಾರಿಗಳೆಲ್ಲ ಆವತ್ತು ಹುರುಳಿ ತುಳಿಯದೆ ಬರಿ ರಸ್ತೆಯಲ್ಲೇ ಹೋಗುತ್ತಿದ್ದವು. ಡಾಕ್ಟರೂ ಅಮ್ಮನವರೂ ಹಿರೀಸಾವೆ ಕಡೆಗೆ ದಾಟಿಹೋದರು. ಅಮ್ಮನವರು ನನ್ನತ್ತ ಕೈಬೀಸಿದರು. ಅವರು ಅತ್ತ ಹೋದ ಮೇಲೆ ನಾನು ಮೂರು ದಪ್ಪ ಕಲ್ಲು ಹೊತ್ತು ತಂದು ಬರಿ ರಸ್ತೆಗೆ ಅಡ್ಡ ಇಟ್ಟೆ. ಇನ್ನು ಯಾವ ಗಾಡಿ ಬಂದರೂ ಹುರುಳಿಯ ಮೇಲೇ ಹೋಗಬೇಕು. ಡಾಕ್ಟರು ವಾಪಸ್ಸು ಬರುತ್ತಾರೆಂದು ನೆನಪಿತ್ತು. ಕಾರಿನ ಸದ್ದು ಕೇಳಿದಾಗ ಎತ್ತಿದರಾಯಿತು ಎಂದುಕೊಂಡೆ. ಆಮೇಲೆ ಹೊಲದ ಅಂಚಿನಲ್ಲಿ ಕಾಳು ತೂರುತ್ತಾ ಮರೆತೆ.

ಸದ್ದು ಕೇಳಿ ನಾನು ತಲೆ ಎತ್ತುವ ಹೊತ್ತಿಗೆ ಕಾರು ಹುರುಳಿಯ ಮೇಲೆ ಬಂದಾಗಿತ್ತು. ಆ ತುದಿ ಮುಟ್ಟುವಷ್ಟರಲ್ಲಿ ಬಳ್ಳಿ ಗಾಲಿಗೆಲ್ಲ ಸುತ್ತಿಕೊಂಡು ನಿಂತುಬಿಟ್ಟಿತು. ಮೊದಲು ಅಡಿಯಿಂದ ಒಂದಿಷ್ಟು ಬಿಳಿ ಹೊಗೆ. ಆಮೇಲೆ ಒಣಗಿ ಗರಿಗರಿಯಾಗಿದ್ದ ಹುರುಳಿ ಚಟಪಟನೆ ಹತ್ತಿಕೊಂಡಿತು. ಅಮ್ಮನವರು ಕೂತಿದ್ದ ಕಡೆಯೇ ಬೆಂಕಿ ಹೆಚ್ಚು. ನಾನು ಕಾರಿನ ಕಡೆಗೇ ಹೆಜ್ಜೆ ಇಟ್ಟಿದ್ದೆ.

"ಕಲ್ಲೆತ್ತಾಕ್ಲಾ ಮೊದ್ಲು! ಪೋಲೀಸ್ನೋರು ಬಂದ್ರೆ ಜೈಲೇ ಕಣ್ಲಾ!" ಎಂದು ಅಪ್ಪ ಅರಚಿದ.

ನಾನು ತಿರುಗಿ ಕಲ್ಲುಗಳ ಕಡೆಗೆ ಓಡಿದೆ. ಮೂರನ್ನೂ ಎತ್ತಿ ಮೋರಿಗೆ ಎಸೆದೆ. ಆಮೇಲೆ ಬಾವಿಗೆ ಓಡಿ ಬಿಂದಿಗೆ ತುಂಬಿಕೊಂಡು ಬಂದೆ. ಅಷ್ಟರಲ್ಲಿ ಪೆಟ್ರೋಲು ಹೊತ್ತಿಕೊಂಡಿತ್ತು. ಡಾಕ್ಟರು ಬರಿಗೈಯಲ್ಲಿ ಹೆಂಡತಿಯನ್ನು ಹೊರಕ್ಕೆ ಎಳೆದು ರಸ್ತೆಯಂಚಿನಲ್ಲಿ ಮಲಗಿಸಿದ್ದರು. ನನ್ನ ಕೈಯಿಂದ ಬಿಂದಿಗೆ ಕಿತ್ತುಕೊಂಡು ತಾವೇ ಸುರಿದರು. ಹಿಂದಿನಿಂದ ಬಂದ ಲಾರಿಯಲ್ಲಿ ಹಾಸನದ ಆಸ್ಪತ್ರೆಗೆ ಒಯ್ದೆವು. ಮೂರನೆಯ ದಿನ ಅಮ್ಮನವರು ಹೋಗಿಬಿಟ್ಟರು.

ಪೋಲೀಸಿನವರು ಬಂದರು. "ದಾರೀಗ್ ಏನಾರಾ ಅಡ್ಡ ಇಟ್ಟಿದ್ರಾ ಸಾ?" ಎಂದು ದಫೇದಾರ ಕೇಳಿದಾಗ ನಾನು ಅಲ್ಲೇ ನಿಂತಿದ್ದೆ. ಡಾಕ್ಟರು ಎರಡೂ ಕೈಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದರು. "ಇಲ್ಲ. ನಾನೇ ನೋಡದೆ ಹತ್ತಿಸಿದೆ" ಎಂದರು. ಮಬ್ಬುಗತ್ತಲಲ್ಲಿ ಕಲ್ಲು ಅವರ ಕಣ್ಣಿಗೆ ಬಿದ್ದಿಲ್ಲ ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಮಾಧಾನವೇ ಆಯಿತು. ಎಂಥ ಮನುಷ್ಯ ನಾನು!

ಸುಟ್ಟ ಕಾರಿನ ಅಸ್ಥಿಪಂಜರವನ್ನು ಗುಜರಿಯವನು ಎಳೆದುಕೊಂಡು ಹೋದ. ಡಾಕ್ಟರು ಮತ್ತೆ ಕಾರು ಕೊಳ್ಳಲಿಲ್ಲ. ಸೈಕಲ್ಲಿನ ಹ್ಯಾಂಡಲ್ ಹಿಡಿಯಲು ಕೈ ಬಗ್ಗುತ್ತಿರಲಿಲ್ಲ. ಬಸ್ಸಿನಲ್ಲೇ ಊರೂರಿಗೆ ಓಡಾಡಿದರು. ನಮ್ಮ ಅಪ್ಪ ಪಾರ್ಶ್ವವಾಯು ಬಡಿದು ಮಲಗಿದಾಗ ವಾರಕ್ಕೆರಡು ಸಲ ನಮ್ಮೂರಿನ ಹತ್ತಿರ ಬಸ್ಸು ಇಳಿದು, ಅದೇ ರಸ್ತೆಯ ಮೇಲೆ ನಡೆದು ಬರುತ್ತಿದ್ದರು. ಹುರುಳಿ ಹರಡಿದ್ದರೆ, "ತೆಳ್ಳಗೆ ಹರಡ್ರಯ್ಯಾ" ಎನ್ನುತ್ತಿದ್ದರು, ಅಷ್ಟೇ. ಅಪ್ಪ ಮಾತು ಬಿದ್ದುಹೋಗಿದ್ದರೂ ಅವರನ್ನು ಕಂಡ ಕೂಡಲೇ ಅಳುತ್ತಿದ್ದ. ನಾನು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಅವರ ಹಿಂದೆ ಬಸ್ಸಿನವರೆಗೆ ಹೋಗಿ ಕೈಮುಗಿದು ವಾಪಸ್ಸಾಗುತ್ತಿದ್ದೆ. ಅಪ್ಪ ಸತ್ತ. ನನ್ನ ಮಗ ದೊಡ್ಡವನಾದ. ಹೇಳಲಿಲ್ಲ.

ಕೊನೆಗೆ ಡಾಕ್ಟರೇ ಹಾಸಿಗೆ ಹಿಡಿದರು. ಎದೆಯ ಕಾಯಿಲೆ. ಅವರು ತೀರಿಕೊಳ್ಳುವ ಎಂಟು ದಿನ ಮುಂಚೆ ಒಂದು ಮಧ್ಯಾಹ್ನ ನೋಡಲು ಹೋದೆ. ನಡುಮನೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು, ಹತ್ತಿರ ಯಾರೂ ಇರಲಿಲ್ಲ. ಅವರ ಮಂಚದ ಕಾಲು ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ.

"ಗೊತ್ತಿತ್ತು ಕಣಯ್ಯಾ" ಎಂದರು. "ಕಲ್ಲು ಕಂಡೇ ಹುರುಳಿ ಮೇಲೆ ಹತ್ತಿಸಿದ್ದು. ಇಳಿದು ಪಕ್ಕಕ್ಕೆ ಎತ್ತಿಡಬೇಕಿತ್ತು ನಾನು. ಸೋಮಾರಿತನ. ಏನೂ ಆಗಲ್ಲ ಅಂದುಕೊಂಡೆ. ಅದು ನನ್ನ ಲೆಕ್ಕದ್ದು, ನೀನು ಹೊತ್ತುಕೊಳ್ಳಬೇಡ."

ನಾನು ಗಳಗಳನೆ ಅತ್ತೆ. ಏಳು ವರ್ಷದ ಭಾರ ಇಳಿಯಿತು ಎಂದುಕೊಂಡೆ. ಅವರು ನಾನು ಕಣ್ಣೊರೆಸಿಕೊಳ್ಳುವವರೆಗೂ ಕಾದರು.

"ಅವಳ ಕಡೆ ಬಾಗಿಲು ಸಿಕ್ಕಿಕೊಂಡುಬಿಟ್ಟಿತ್ತು" ಎಂದರು. "ಒಬ್ಬನಿಂದ ಆಗಲಿಲ್ಲ. ನಿನ್ನ ಹೆಸರು ಹಿಡಿದು ಕೂಗಿದೆ. ನೀನು ಅತ್ತ ಕಲ್ಲು ಎತ್ತಿ ಎಸೀತಿದ್ದೆ. ಒಂದು. ಎರಡು. ಮೂರನೆಯದೂ ಎಸೆದ ಮೇಲೆ ತಿರುಗಿದೆ. ಮೊದಲು ನಮ್ಮ ಕಡೆ ಬರಬೇಕಿತ್ತು ಕಣಯ್ಯಾ ನೀನು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗೆಂದವರೇ ನೀರು ಕುಡಿದು, ಲೋಟ ಕೆಳಗಿಟ್ಟು, "ನಿನ್ನ ಮಗನಿಗೆ ಕೆಮ್ಮಿತ್ತಲ್ಲ, ಕಡಿಮೆಯಾಯ್ತಾ? ಇಲ್ಲದಿದ್ದರೆ ಹೇಳು, ಔಷಧಿ ಬರೆದುಕೊಡ್ತೀನಿ" ಎಂದು ದಿಂಬಿನ ಪಕ್ಕದ ಚೀಟಿಗೆ ಕೈ ಚಾಚಿದರು.

ಮಗ ಹಿಂದಿನ ರಾತ್ರಿಯೆಲ್ಲ ಕೆಮ್ಮಿದ್ದ. "ವಾಸಿಯಾಯ್ತು ಸ್ವಾಮಿ" ಎಂದು ಸುಳ್ಳು ಹೇಳಿ ಎದ್ದುಬಂದೆ.