ಐವತ್ತೈದರ ಒಳಗೆ

ಪಂಜ ಪೇಟೆಯಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಎದುರಿಗೇ ರಾಧಾಕೃಷ್ಣರ ರಬ್ಬರ್ ಅಂಗಡಿ. ರಬ್ಬರ್ ಶೀಟು ಕೊಳ್ಳುವುದು, ತೂಗುವುದು, ಪುತ್ತೂರಿಗೆ ಕಳಿಸುವುದು ಅವರ ಕೆಲಸ. ಊರಿಗೆಲ್ಲ ಅವರು ರಾಧಣ್ಣ. ಬೇರೆ ಅಂಗಡಿಯ ತೂಕದ ಮೇಲೆ ಸಂಶಯ ಬಂದವರು ಕಟ್ಟು ಹೊತ್ತು ತಂದು ಇವರ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿ ನೋಡಿ ಹೋಗುತ್ತಿದ್ದರು. ರಾಧಣ್ಣನ ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು ಊರು ನಂಬಿತ್ತು, ಅದು ನಿಜವೂ ಹೌದು. ಅದೇ ತಕ್ಕಡಿಯ ಮೇಲೆ ಅವರ ತಂಗಿಯ ಮಗ ಮೋಕ್ಷಿತ್ ವಾರದಿಂದ ವಾರಕ್ಕೆ ಕರಗಿ ಹೋದ. ತಕ್ಕಡಿ ಒಂದು ಗ್ರಾಮನ್ನೂ ಮುಚ್ಚಿಡದೆ ತೋರಿಸಿತು. ನೋಡಿದವರೆಲ್ಲ ಹುಡುಗನ ಬೆನ್ನು ತಟ್ಟಿದರು.

ನಮ್ಮ ಕಡೆಯ ಕಬಡ್ಡಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಪಂದ್ಯಾಟ ನಡೆಯುವುದು ಹೆಚ್ಚಾಗಿ ತೂಕದ ಮೇಲೆ. ಅರುವತ್ತೈದು ಕಿಲೋ ವಿಭಾಗ, ಅರುವತ್ತು ಕಿಲೋ, ಐವತ್ತೈದು ಕಿಲೋ, ಹೀಗೆ. ಪಂದ್ಯದ ದಿನ ಆಟಗಾರರು ಸಾಲಾಗಿ ನಿಂತು ತಕ್ಕಡಿ ಹತ್ತಬೇಕು, ನೂರು ಗ್ರಾಂ ಹೆಚ್ಚಾದರೂ ಹೊರಗೆ. ಹಾಗಾಗಿ ಹಿಂದಿನ ದಿನ ಊಟ ಬಿಡುವುದು, ನೀರು ಬಿಡುವುದು, ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಓಡುವುದು ಹುಡುಗರಿಗೆ ಮಾಮೂಲು. ತೂಕ ಮುಗಿದ ಕೂಡಲೇ ಬಾಳೆಹಣ್ಣು, ಗ್ಲೂಕೋಸ್ ಪುಡಿ ಕಲಸಿದ ನೀರು. ಯಾರೂ ಇದನ್ನು ತಪ್ಪು ಎನ್ನುವುದಿಲ್ಲ. ಸುಳ್ಯ, ಕಡಬ, ಪುತ್ತೂರು ಎಲ್ಲೇ ಪಂದ್ಯಾಟವಾದರೂ ತೂಕ ನೋಡಲು ರಾಧಣ್ಣನನ್ನೇ ಕರೆಯುತ್ತಿದ್ದರು. ಅವರು ಶರಟಿಗೆ ಇಸ್ತ್ರಿ ಹಾಕಿ, ತಕ್ಕಡಿಯನ್ನು ಓಮ್ನಿಯಲ್ಲಿ ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ಹೋಗುತ್ತಿದ್ದರು.

ರಾಧಣ್ಣನಿಗೆ ಮದುವೆ ಇಲ್ಲ. ತಂಗಿ ಭವಿತಾಳ ಮನೆ ಅಂಗಡಿಯ ಹಿಂದೆಯೇ. ಅವಳ ಗಂಡ ಬಸ್ ಡ್ರೈವರ್, ಮನೆಯಲ್ಲಿ ಇರುವುದು ಕಡಿಮೆ. ಮೋಕ್ಷಿತ್ ಬೆಳೆದದ್ದು ಸೋದರಮಾವನ ಹೆಗಲ ಮೇಲೆ, ರಬ್ಬರಿನ ವಾಸನೆಯಲ್ಲಿ. ಒಂಬತ್ತನೇ ಕ್ಲಾಸಿಗೆ ಬರುವಾಗ ಎಪ್ಪತ್ತೆಂಟು ಕಿಲೋ ಇದ್ದ. ಶಾಲೆಯಲ್ಲಿ ಅವನಿಗೆ ಬೊಂಡ ಎಂದು ಹೆಸರು. ಬೊಂಡ ಎಂದರೆ ನಮ್ಮಲ್ಲಿ ಎಳನೀರಿನ ಕಾಯಿ, ಹಾಗೆ ಉಂಟಂತೆ ಅವನ ಹೊಟ್ಟೆ. ಹುಡುಗ ನಗುತ್ತಿದ್ದ, ನಕ್ಕು ಮನೆಗೆ ಬಂದು ಬಾಗಿಲು ಹಾಕಿಕೊಂಡು ಮೊಬೈಲ್ ಹಿಡಿಯುತ್ತಿದ್ದ. ಹೊಟ್ಟೆನೋವೆಂದು ಪುತ್ತೂರಿಗೆ ಕರೆದುಕೊಂಡು ಹೋದಾಗ ಸ್ಕ್ಯಾನಿಂಗ್ ಮಾಡಿ ಡಾಕ್ಟರು ಭವಿತಾಳಿಗೆ ಬೈದರು.

"ಈ ಪ್ರಾಯಕ್ಕೆ ಲಿವರಿನಲ್ಲಿ ಕೊಬ್ಬು ಉಂಟು ಅಮ್ಮ. ಹೀಗೇ ಬಿಟ್ರೆ ನಾಳೆ ಶುಗರ್, ಬಿಪಿ ಎಲ್ಲ ಬರ್ತದೆ. ಮಾತ್ರೆ ನಾನು ಕೊಡುದಿಲ್ಲ. ಆಡ್ಲಿಕ್ಕೆ ಕಳಿಸಿ."

ಮರುದಿನವೇ ರಾಧಣ್ಣ ಅವನನ್ನು ಶಾಲೆಯ ಮೈದಾನಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಡೊಂಬಯ್ಯ ಎಂಬವರು ಊರಿನ ಹುಡುಗರಿಗೆ ಸಂಜೆ ಕಬಡ್ಡಿ ಕಲಿಸುತ್ತಿದ್ದರು. ಮೋಕ್ಷಿತ್ ಮೈದಾನಕ್ಕೆ ಒಂದು ಸುತ್ತು ಓಡಲಾರದೆ ಕೂತು ಅತ್ತನಂತೆ. ಆದರೆ ಮರುದಿನವೂ ಹೋದ. ಮೊದಲ ತಿಂಗಳು ಅವನ ಕೆಲಸ ಚಾಪೆ ಹಾಸುವುದು, ಮಡಚುವುದು. ಆಮೇಲೆ ಮೂಲೆಯಲ್ಲಿ ನಿಲ್ಲಿಸಿದರು. ಆಮೇಲೆ ಒಂದು ದಿನ ಯಾರದೋ ಕಾಲು ಹಿಡಿದು ಬಿಡಲಿಲ್ಲ. ಆ ಸಂಜೆ ನನ್ನ ಅಂಗಡಿಗೆ ಓಡಿ ಬಂದು, "ಅಕ್ಕ, ನಾನು ಹಿಡಿದೆ ಅಕ್ಕ!" ಎಂದದ್ದು ಈಗಲೂ ಕಿವಿಯಲ್ಲಿದೆ.

ಒಂದು ವರ್ಷದಲ್ಲಿ ಅರುವತ್ತಾರು ಕಿಲೋಗೆ ಬಂದ. ಹಸಿವು, ನಿದ್ದೆ, ಓದು ಎಲ್ಲ ಸರಿಯಾಯಿತು. ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿದಾಗ ಕೊಬ್ಬು ಕಾಣಲಿಲ್ಲ. ಬೊಂಡ ಎಂಬ ಹೆಸರೂ ಹೋಯಿತು. ಇಲ್ಲಿಯವರೆಗೆ ನಡೆದದ್ದು ಅಪ್ಪಟ ಒಳ್ಳೆಯದು. ಕಬಡ್ಡಿಯೇ ಹುಡುಗನನ್ನು ಕೊಂದಿತು ಎಂದು ಈಗ ಊರಿನಲ್ಲಿ ಬಾಯಿಗೆ ಬಂದ ಹಾಗೆ ಮಾತಾಡುವವರಿದ್ದಾರೆ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಟ ಅವನಿಗೆ ಒಂದೆರಡು ವರ್ಷದ ಒಳ್ಳೆಯ ಬದುಕು ಕೊಟ್ಟಿತು.

ಪಿಯುಸಿಗೆ ಸೇರಿದ ಮಳೆಗಾಲ ಕಳೆದ ಮೇಲೆ ತೂಕ ಮತ್ತೆ ಇಳಿಯತೊಡಗಿತು. ಈ ಸಲ ಇಳಿದದ್ದು ಆಟದಿಂದಲ್ಲ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಎಂದು ಒಂದು ಉಂಟು. ದಪ್ಪ ಇದ್ದವರಿಗೂ ಬರುತ್ತದೆ, ಸಪೂರ ಇದ್ದವರಿಗೂ ಬರುತ್ತದೆ, ತಿಂದದ್ದು ಮೈಗೆ ಹತ್ತದೆ ಮೂತ್ರದಲ್ಲಿ ಹೋಗುತ್ತದೆ. ಅದು ಶುರುವಾಗಿತ್ತು. ನಮಗೆ ಯಾರಿಗೆ ಗೊತ್ತು? ಅರುವತ್ತೆರಡು ಆದಾಗ ಡೊಂಬಯ್ಯ ಸಿಹಿ ಹಂಚಿದರು. ಐವತ್ತೊಂಬತ್ತು ಆದಾಗ ಅವನ ಹಳೆಯ ಫೋಟೊ, ಹೊಸ ಫೋಟೊ ಅಕ್ಕಪಕ್ಕ ಹಾಕಿ ವಾಟ್ಸಾಪ್ ಗ್ರೂಪಿನಲ್ಲಿ ಬಿಟ್ಟರು. ಊರೇ ಹೆಬ್ಬೆರಳು ಎತ್ತಿತು. ರಾಧಣ್ಣನಂತೂ ಶೀಟು ಮಾರಲು ಬಂದವರಿಗೆಲ್ಲ ಅಳಿಯನ ತೂಕ ಹೇಳದೆ ಕಳಿಸುತ್ತಿರಲಿಲ್ಲ.

"ಇವನನ್ನು ಐವತ್ತೈದಕ್ಕೆ ಇಳಿಸುವಾ, ರಾಧಣ್ಣ," ಎಂದರು ಡೊಂಬಯ್ಯ ಅಂಗಡಿಯಲ್ಲಿ ಕೂತು. "ಇಷ್ಟು ಉದ್ದದ ಹುಡುಗ ಆ ವಿಭಾಗದಲ್ಲಿ ಬೇರೆ ಯಾರಿದ್ದಾರೆ? ಕಡಬದ ಪಂದ್ಯಕ್ಕೆ ಏಳು ಜನರಲ್ಲಿ ಇವ ಒಬ್ಬ."

ಮೋಕ್ಷಿತ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಜೀವಮಾನದಲ್ಲಿ ಯಾವ ತಂಡಕ್ಕೂ ಯಾರೂ ಅವನ ಹೆಸರು ಕರೆದಿರಲಿಲ್ಲ.

ಮೊದಲು ಅನುಮಾನ ಬಂದದ್ದು ಭವಿತಾಳಿಗೆ. ಮಗ ಕೊಡಪಾನದ ನೀರು ಖಾಲಿ ಮಾಡುತ್ತಿದ್ದ, ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗುತ್ತಿದ್ದ, ಎರಡು ಪಾಲು ಉಂಡೂ ಎದೆಗೂಡು ಕಾಣುತ್ತಿತ್ತು. ಅವಳು ಅಣ್ಣನ ಅಂಗಡಿಗೆ ಬಂದು ಹೇಳಿದಳು. ಅವರ ಮನೆಮಾತು ಅರೆಭಾಷೆ, ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ಅಣ್ಣ, ಇವ ಎಷ್ಟು ನೀರು ಕುಡಿಯುದು ಅಂತ ಉಂಟಾ? ನಂಗೆ ಹೆದರಿಕೆ ಆಗ್ತದೆ."

"ಬೆವರು ಹೋಗ್ತದಲ್ಲ, ಬಾಯಾರಿಕೆ ಆಗದೆ ಇರ್ತದಾ? ನೀನು ಸುಮ್ಮನೆ ತಲೆಬಿಸಿ ಮಾಡ್ಬೇಡ ಮಾರಾಯ್ತಿ."

ಪಂದ್ಯ ಇದ್ದದ್ದು ಆದಿತ್ಯವಾರ. ಶುಕ್ರವಾರ ಹುಡುಗ ವಾಂತಿ ಮಾಡಿದ. ಭವಿತಾ ಸೀರೆ ಬದಲಾಯಿಸಿ ಪುತ್ತೂರಿಗೆ ಹೊರಟೇ ನಿಂತಳು. ಮೋಕ್ಷಿತ್ ಐವತ್ತಾರು ಚಿಲ್ಲರೆ ಇದ್ದ, ಇನ್ನೂ ಒಂದು ಕಿಲೋಗಿಂತ ಹೆಚ್ಚು ಇಳಿಯಬೇಕಿತ್ತು. ರಾಧಣ್ಣ ಅಂಗಳದಲ್ಲೇ ತಡೆದರು.

"ಈಗ ಹೋದ್ರೆ ಮೊದಲು ಡ್ರಿಪ್ ಹಾಕ್ತಾರೆ ಭವಿ. ಒಂದು ಬಾಟ್ಲಿ ಏರಿಸಿದ್ರೆ ಅರ್ಧ ಕಿಲೋ ಹೆಚ್ಚಾಯ್ತು. ಇಷ್ಟು ದಿನ ಮಾಡಿದ್ದೆಲ್ಲ ನೀರಿಗೆ ಹೋಗ್ತದೆ. ಸೋಮವಾರ ನಾನೇ ಕರ್ಕೊಂಡು ಹೋಗ್ತೇನೆ, ಆಯ್ತಾ?"

"ಹುಡುಗನ ಮುಖ ನೋಡು ಅಣ್ಣ."

"ನಾನು ಆಡ್ತೇನೆ ಅಮ್ಮ," ಎಂದ ಮೋಕ್ಷಿತ್, ಜಗಲಿಯಲ್ಲಿ ಮಲಗಿದಲ್ಲಿಂದಲೇ. "ಒಂದು ಸಲ ಆಡಿ ಬರ್ತೇನೆ."

ಮಗನೂ ಅಣ್ಣನೂ ಒಂದಾದ ಮೇಲೆ ಅವಳ ಮಾತು ನಡೆಯಲಿಲ್ಲ. ಗಂಡನಿಗೆ ಫೋನ್ ಮಾಡಿದರೆ ಅವನು ಬಸ್ಸಿನಲ್ಲಿದ್ದ, ಭಾವ ಹೇಳಿದ ಹಾಗೆ ಮಾಡು ಎಂದ. ರಾಧಣ್ಣ ಕೆಟ್ಟವರಲ್ಲ. ಆ ಹುಡುಗನಿಗೆ ಯಾರಾದರೂ ಒಂದು ಏಟು ಹೊಡೆದಿದ್ದರೆ ಅವರ ಕೈ ಮುರಿದು ಬರುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ತೂಕ ಒಂದೇ, ಆ ತೂಕ ಅವರು ಬಯಸಿದ ಹಾಗೇ ಇಳಿಯುತ್ತಿತ್ತು. ಇಷ್ಟು ತಿಳಿದೂ ನನಗೆ ಅವರ ಮೇಲಿನ ಸಿಟ್ಟು ಹೋಗುವುದಿಲ್ಲ.

ಆದಿತ್ಯವಾರ ಕಡಬಕ್ಕೆ ನಾನೂ ಹೋದೆ. ಭವಿತಾಳಿಗೆ ಧೈರ್ಯ ಸಾಲದೆ ನನ್ನನ್ನು ಜೊತೆಗೆ ಕರೆದಿದ್ದಳು. ಓಮ್ನಿಯಲ್ಲಿ ಮೋಕ್ಷಿತ್ ಕಿಟಕಿಗೆ ತಲೆ ಒರಗಿಸಿ ಕೂತಿದ್ದ. ತುಟಿ ಬಿಳಿಚಿ ಒಡೆದಿತ್ತು, ನಾಲಿಗೆ ಅಂಟಿ ಮಾತು ತೊದಲುತ್ತಿತ್ತು. ಭವಿತಾಳ ಚೀಲದಲ್ಲಿ ನೀರಿನ ಬಾಟ್ಲಿ ಇತ್ತು.

"ಮಾವ, ಒಂದು ಗ್ಲಾಸ್ ನೀರು."

"ತೂಕ ಆಗ್ಲಿ ಮಗ. ಒಂದು ಗಂಟೆ ತಡೆದುಕೋ."

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಭವಿತಾ ಬಾಟ್ಲಿ ತೆಗೆದಳು. ರಾಧಣ್ಣ ಎದುರಿನ ಸೀಟಿನಿಂದ ಕೈ ಚಾಚಿ ಅದನ್ನು ತೆಗೆದುಕೊಂಡು ತಮ್ಮ ಕಾಲ ಬುಡದಲ್ಲಿ ಇಟ್ಟುಕೊಂಡರು. ಒರಟಾಗಿ ಅಲ್ಲ, ಸಣ್ಣ ಮಗುವಿನ ಕೈಯಿಂದ ಕತ್ತಿ ತೆಗೆಯುವ ಹಾಗೆ.

ಮೈದಾನದಲ್ಲಿ ತಕ್ಕಡಿ ಹತ್ತುವಾಗ ಡೊಂಬಯ್ಯ ಅವನ ರಟ್ಟೆ ಹಿಡಿದಿದ್ದರು, ಕೈ ಬಿಟ್ಟ ಮೇಲೆ ಕೆಂಪು ಅಂಕಿ ನಿಂತಿತು. "ಐವತ್ತನಾಲ್ಕು ಎಂಟುನೂರು!" ಎಂದು ರಾಧಣ್ಣ ಕೂಗಿದರು. ಹುಡುಗರು ಶಿಳ್ಳೆ ಹೊಡೆದರು. ಮೋಕ್ಷಿತ್ ನಕ್ಕ. ಕೂಡಲೇ ಒಬ್ಬರ ಹಿಂದೊಬ್ಬರು ಗ್ಲೂಕೋಸ್ ನೀರು ತಂದರು, ಶರಬತ್ತು ತಂದರು. ಅವನು ಉಸಿರು ತೆಗೆಯದೆ ಕುಡಿದ. ಆ ಸಿಹಿ ಅವನ ಮೈಗೆ ಎಂತ ಮಾಡಿತು ಎಂದು ಆಮೇಲೆ ಡಾಕ್ಟರು ಹೇಳಿದಾಗ ಡೊಂಬಯ್ಯ ಗೋಡೆಗೆ ಹಣೆ ಚಚ್ಚಿಕೊಂಡರು.

ಎರಡನೇ ಪಂದ್ಯದಲ್ಲಿ ಅವನನ್ನು ಇಳಿಸಿದರು. ರೈಡಿಗೆ ಅವನ ಸರದಿ ಬಂತು. ಗೆರೆ ದಾಟಿ ನಾಲ್ಕು ಹೆಜ್ಜೆ ಹೋಗಿ ನಿಂತ. ಕಬಡ್ಡಿ ಕಬಡ್ಡಿ ಎನ್ನಬೇಕಲ್ಲ, ಸ್ವರ ಬರಲಿಲ್ಲ. ಬಾಯಿ ತೆರೆದು ದೊಡ್ಡ ದೊಡ್ಡ ಉಸಿರು ಎಳೆಯುತ್ತಿದ್ದ, ಅಷ್ಟೆ. ಎದುರಿನ ಹುಡುಗರು ಇದು ಎಂತ ಉಪಾಯ ಎಂದು ಹಿಂದೆ ಸರಿದರು. ಅಂಪಾಯರು ಸೀಟಿ ಊದಿ ಔಟ್ ಕೊಟ್ಟರು. ಮೋಕ್ಷಿತ್ ಅಲ್ಲೇ ಚಾಪೆಯ ಮೇಲೆ ಕೂತ, ಕೂತವನು ಅಡ್ಡ ಬಿದ್ದ. ಗ್ಯಾಲರಿಯಲ್ಲಿ ಯಾರೋ, "ಬೊಂಡ ಒಡೆಯಿತು!" ಎಂದು ಕೂಗಿ ನಕ್ಕರು. ಆ ಸ್ವರ ಯಾರದೆಂದು ನನಗೆ ಗೊತ್ತುಂಟು, ಹೆಸರು ಬರೆಯುವುದಿಲ್ಲ.

ಪುತ್ತೂರಿನ ಆಸ್ಪತ್ರೆಯಲ್ಲಿ ಬೆರಳಿಗೆ ಸೂಜಿ ಚುಚ್ಚಿ ಶುಗರ್ ನೋಡಿದರು. ಮೆಷಿನ್ನಿನಲ್ಲಿ ಅಂಕಿಯೇ ಬರಲಿಲ್ಲ, ಅದು ತೋರಿಸುವ ಮಿತಿಯನ್ನೂ ಮೀರಿತ್ತು. ಔಷಧಿಯ ಲೆಕ್ಕಕ್ಕೆ ನರ್ಸ್ ಕೇಳಿದಳು, "ಹುಡುಗನ ತೂಕ ಎಷ್ಟು? ಅಂದಾಜು ಹೇಳಿ."

"ಐವತ್ತನಾಲ್ಕು ಕಿಲೋ ಎಂಟುನೂರು ಗ್ರಾಂ," ಎಂದರು ರಾಧಣ್ಣ.

ನರ್ಸ್ ತಲೆಯೆತ್ತಿ ನೋಡಿದಳು. ಡಾಕ್ಟರು ಕೇಳಿದರು, "ಮೊದಲು ಎಷ್ಟಿತ್ತು?"

"ಅರುವತ್ತಾರು. ಮತ್ತೆ ಅರುವತ್ತೆರಡು. ಮತ್ತೆ..." ಎಂದು ಹೇಳುತ್ತ ಹೋದ ರಾಧಣ್ಣ ನಡುವೆ ನಿಂತರು. ಅಷ್ಟು ದಿನ ಅಂಗಡಿಯಲ್ಲಿ ಜಂಬದಿಂದ ಹೇಳಿದ ಅಂಕಿಗಳನ್ನು ಅಲ್ಲಿ ಅವರು ಮೊದಲ ಸಲ ಕೇಳಿಸಿಕೊಂಡರು ಎಂದು ನನಗೆ ಅನಿಸಿತು.

"ಇಷ್ಟು ಬೇಗ ಇಳಿದದ್ದನ್ನು ಕಂಡೂ ಯಾರೂ ತರ್ಲಿಲ್ವಾ?" ಎಂದರು ಡಾಕ್ಟರು. "ಆಟದ ತಪ್ಪಲ್ಲ ಇದು. ಇನ್ಸುಲಿನ್ ತಕೊಂಡು ಇವ ಆರಾಮಾಗಿ ಆಡ್ತಾ ಇರ್ಬಹುದಿತ್ತು. ಶುಕ್ರವಾರವಾದ್ರೂ ಬರ್ಬೇಕಿತ್ತು."

ಭವಿತಾ ಅಳಲಿಲ್ಲ. ಅಣ್ಣನ ಮುಖ ನೋಡಿದಳು. ಮಂಗಳವಾರ ಬೆಳಿಗ್ಗೆ ಮಿದುಳಿನಲ್ಲಿ ಊತ ಬಂದು ಹುಡುಗ ಹೋದ. ಹದಿನಾರು ತುಂಬಿರಲಿಲ್ಲ.

ಆಮೇಲೆ ಊರಿನ ಪ್ರತಿಯೊಬ್ಬರೂ, ನಾನು ಆಗಲೇ ಹೇಳಿದ್ದೆ ಎಂದರು. ಯಾರೂ ಹೇಳಿರಲಿಲ್ಲ. ನಾನು ಎದುರು ಅಂಗಡಿಯಲ್ಲೇ ಕೂತಿದ್ದೆನಲ್ಲ. ಭವಿತಾ ಅಣ್ಣನ ಜೊತೆ ಮಾತು ಬಿಟ್ಟಳು. ಅವಳ ಮನೆಯ ನಾಲ್ಕು ರಬ್ಬರ್ ಮರಗಳ ಶೀಟು ಅವರ ಅಂಗಡಿಯ ಎದುರಿನಿಂದಲೇ ಜೀಪಿನಲ್ಲಿ ಬೇರೆ ಕಡೆ ಹೋಗುತ್ತಿತ್ತು. ರಾಧಣ್ಣ ರಬ್ಬರ್ ತೂಗುತ್ತಲೇ ಇದ್ದರು, ಮಕ್ಕಳನ್ನು ತೂಗಲು ಎಲ್ಲಿಗೂ ಹೋಗಲಿಲ್ಲ. ಅಂಗಡಿಯಲ್ಲಿ ಕೂತಿರುವಾಗ ಬಾಯಿ ಒಣಗಿದರೂ ನೀರು ಕುಡಿಯುತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವರ್ಷ ತುಂಬುವಾಗ ಡೊಂಬಯ್ಯ ಕರಪತ್ರದ ಪ್ರತಿ ತೆಗೆಸಲು ಬಂದರು. ಮೋಕ್ಷಿತ್ ಸ್ಮರಣಾರ್ಥ ಕಬಡ್ಡಿ ಪಂದ್ಯಾಟ, ಐವತ್ತೈದು ಕಿಲೋ ವಿಭಾಗ. ನನಗೆ ಓದಲೂ ಆಗಲಿಲ್ಲ. "ಬೇರೆ ವಿಭಾಗ ಸಿಗ್ಲಿಲ್ವಾ ನಿಮಗೆ?" ಎಂದೆ. "ಅವ ಆಡಿದ್ದು ಅದರಲ್ಲೇ ಅಲ್ವಾ ಅಕ್ಕ," ಎಂದರು ಪಾಪ. ತೂಕ ನೋಡಲು ರಾಧಣ್ಣನನ್ನು ಕೇಳಿದರಂತೆ, ಅವರು ಒಪ್ಪಿದರಂತೆ.

ಆ ಬೆಳಿಗ್ಗೆ ನಮ್ಮ ಶಾಲೆಯ ಮೈದಾನದಲ್ಲಿ ರಾಧಣ್ಣ ತಕ್ಕಡಿ ಇಟ್ಟರು. ಪಕ್ಕದಲ್ಲಿ ಒಂದು ದೊಡ್ಡ ಕೊಡಪಾನ ತುಂಬ ನೀರು ಮತ್ತು ಗ್ಲಾಸು ಇಟ್ಟರು. ಮೊದಲ ಹುಡುಗ ಬಂದ. ತುಟಿ ಒಣಗಿತ್ತು.

"ಮೊದಲು ಇದನ್ನು ಕುಡಿ. ಮತ್ತೆ ಹತ್ತು."

"ಕುಡಿದ್ರೆ ತೂಕ ಹೆಚ್ಚಾಗ್ತದೆ ಅಣ್ಣ."

"ಆಗ್ಲಿ. ಕುಡಿ."

ಹುಡುಗ ಡೊಂಬಯ್ಯನ ಮುಖ ನೋಡಿದ. ಸಾಲಿನಲ್ಲಿ ಗುಸುಗುಸು ಎದ್ದಿತು, ದೂರದಿಂದ ಬಂದ ತಂಡದವರು ಜಗಳಕ್ಕೇ ಬಂದರು. ಡೊಂಬಯ್ಯ ಕಿವಿಯಲ್ಲಿ ಬೇಡಿಕೊಂಡರು, "ರಾಧಣ್ಣ, ಹೀಗೆ ಮಾಡಿದ್ರೆ ಪಂದ್ಯ ನಡೆಯುದಿಲ್ಲ ಮಾರಾಯ್ರೆ." ರಾಧಣ್ಣ ಗ್ಲಾಸು ಕೆಳಗಿಡಲಿಲ್ಲ. ಕೊನೆಗೆ ಯಾರೋ ಪೇಟೆಯಿಂದ ಇನ್ನೊಂದು ತಕ್ಕಡಿ ತಂದು ಹತ್ತು ಮಾರು ಆಚೆಗೆ ಇಟ್ಟರು. ಸಾಲು ಅತ್ತ ತಿರುಗಿತು. ತುಂಬಿದ ಕೊಡಪಾನದ ಪಕ್ಕ ರಾಧಣ್ಣ ಒಬ್ಬರೇ ಉಳಿದರು.

ದೀಪ ಬೆಳಗಲು ಹುಡುಗನ ತಾಯಿಯನ್ನು ಕರೆದಿದ್ದರು. ಭವಿತಾ ವೇದಿಕೆಯಿಂದ ಇಳಿದು ನೇರ ಅಣ್ಣನ ಎದುರಿಗೆ ಬಂದಳು. ಒಂದು ವರ್ಷದ ಮೇಲೆ ಮೊದಲ ಮಾತು ಆಡಿದಳು.

"ಅವತ್ತು ಕೊಡ್ಲಿಕ್ಕೆ ನಿಂಗೆ ಎಂತ ಆಗಿತ್ತು ಅಣ್ಣ?"

ರಾಧಣ್ಣನ ಕೈಯಲ್ಲಿ ತುಂಬಿದ ಗ್ಲಾಸು ಹಾಗೇ ಇತ್ತು. ಆಚೆಯ ತಕ್ಕಡಿಯಿಂದ, "ಐವತ್ತನಾಲ್ಕು ಒಂಬೈನೂರು, ಪಾಸ್!" ಎಂದು ಕೂಗಿದ್ದು ಕೇಳಿಸಿತು. ಹುಡುಗರು ಚಪ್ಪಾಳೆ ತಟ್ಟಿದರು.